ಕೇಳದೇ ಉಳಿದ ಪ್ರಶ್ನೆ: ಆಸ್ಟ್ರೇಲಿಯಾದಲ್ಲಿ ತಿರಸ್ಕೃತ ರಕ್ಷಣಾ ವೀಸಾಗಳ ನ್ಯಾಯಾಂಗ ಪರಿಶೀಲನೆ

ಬಾಂಗ್ಲಾದೇಶದಿಂದ 1999ರಲ್ಲಿ ಆಸ್ಟ್ರೇಲಿಯಾಕ್ಕೆ ಬಂದ ಇಬ್ಬರು ಗಂಡಸರು ರಕ್ಷಣಾ ವೀಸಾ ಕೋರಿದರು. ತಾವು ಸಲಿಂಗಿ ಸಂಗಾತಿಗಳು, ಮರಳಿದರೆ ಹಿಂಸೆ ತಪ್ಪದು ಎಂಬುದು ಅವರ ಅಹವಾಲು. ನಿರಾಶ್ರಿತರ ಅರ್ಜಿಗಳ ನ್ಯಾಯಮಂಡಳಿ ಅವರ ಸಂಬಂಧವನ್ನು ನಂಬಿತು. ಅರ್ಜಿಯನ್ನು ಮಾತ್ರ ತಳ್ಳಿಹಾಕಿತು. ಇದುವರೆಗೆ ಗುಟ್ಟಾಗಿ ಬಾಳಿದವರು ಇನ್ನು ಮುಂದೆಯೂ ಹಾಗೆಯೇ ಬಾಳುತ್ತಾರೆ, ಆದ್ದರಿಂದ ಅಪಾಯವಿಲ್ಲ ಎಂದು ಅದು ತರ್ಕಿಸಿತ್ತು. 2003ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ (ಅಲ್ಲಿ ಅದೇ ಅತ್ಯುನ್ನತ ನ್ಯಾಯಾಲಯ) ಈ ತೀರ್ಮಾನವನ್ನು ಒಪ್ಪಲಿಲ್ಲ. ನಾಲ್ವರು ನ್ಯಾಯಮೂರ್ತಿಗಳು ಅರ್ಜಿದಾರರ ಪರ, ಮೂವರು ವಿರುದ್ಧ. ಅವರು ಗುಟ್ಟಾಗಿ ಬಾಳಿದ್ದಾದರೂ ಏಕೆ? ಹಿಂಸೆಗೆ ಹೆದರಿಯೇ? ಮಂಡಳಿ ಇದನ್ನು ಕೇಳಿಕೊಂಡಿರಲೇ ಇಲ್ಲ.

ಹೈಕೋರ್ಟ್ ಅವರಿಗೆ ವೀಸಾ ಕೊಡಲಿಲ್ಲ, ಪ್ರಕರಣವನ್ನು ಮರುವಿಚಾರಣೆಗೆ ಮಂಡಳಿಗೇ ಕಳಿಸಿತು. ಅರ್ಜಿದಾರನಿಗೆ ನಿಜಕ್ಕೂ ಅಪಾಯವಿದೆಯೇ ಎಂಬುದನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸವಲ್ಲ. ನಿರ್ಣಯಿಸಬೇಕಾದವರು ಕಾನೂನಿನ ಪ್ರಕಾರ ನಿರ್ಣಯಿಸಿದರೇ ಎಂಬುದಷ್ಟೇ ಅದರ ಪರಿಧಿ. ಈ ಪರಿಧಿ ಕಿರಿದು, ಆದರೆ ನನ್ನ ದೃಷ್ಟಿಯಲ್ಲಿ ಸಮರ್ಥನೀಯ. ಕಾರಣಗಳ ಬರಹವನ್ನು ಸಾಲುಸಾಲಾಗಿ ಓದಿ, ಅದರಲ್ಲಿ ಏನಿಲ್ಲ ಎಂದು ಹುಡುಕುವುದಕ್ಕೆ ಎಷ್ಟು ಬಲವಿದೆ ಎಂಬುದನ್ನು ಈ ತೀರ್ಪೇ ತೋರಿಸುತ್ತದೆ.

ಆ ಬಲವನ್ನು ಕಿತ್ತುಕೊಳ್ಳುವ ಯತ್ನ ಅದಕ್ಕೂ ಮೊದಲೇ ನಡೆದಿತ್ತು. 2001ರಲ್ಲಿ ಸಂಸತ್ತು 1958ರ ವಲಸೆ ಕಾಯ್ದೆಗೆ ತಿದ್ದುಪಡಿ ತಂದು, ವಲಸೆಯ ತೀರ್ಮಾನಗಳನ್ನು ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿಲ್ಲ ಎಂದಿತು. 2003ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ಕಲಮನ್ನು ರದ್ದುಪಡಿಸದೆಯೇ ಅದರ ಹಲ್ಲು ಕಿತ್ತಿತು: ಅಧಿಕಾರವ್ಯಾಪ್ತಿ ಮೀರಿ ಕೈಗೊಂಡ ತೀರ್ಮಾನ ಕಾಯ್ದೆಯ ಅಡಿಯ ತೀರ್ಮಾನವೇ ಅಲ್ಲ, ಹಾಗಾಗಿ ಅದಕ್ಕೆ ಕಲಮಿನ ರಕ್ಷೆಯೂ ಇಲ್ಲ. ಉಚ್ಚ ನ್ಯಾಯಾಲಯಗಳ ರಿಟ್ ಅಧಿಕಾರ ಸಂವಿಧಾನದ ಮೂಲ ಸ್ವರೂಪಕ್ಕೆ ಸೇರಿದ್ದು ಎಂದು 1997ರ ಚಂದ್ರಕುಮಾರ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಬಲ್ಲವರಿಗೆ ಈ ನಿಲುವು ಅಪರಿಚಿತವೆನಿಸದು.

ಇಂದಿನ ಅಡ್ಡಿ ಬೇರೆಡೆ ಇದೆ. ಮಂಡಳಿಯ ತೀರ್ಮಾನವಾದ 35 ದಿನಗಳೊಳಗೆ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಗಡುವು ಶುರುವಾಗುವುದು ತೀರ್ಮಾನದ ದಿನದಿಂದ, ಪ್ರತಿ ಕೈಸೇರಿದ ದಿನದಿಂದಲ್ಲ. ಇಂಗ್ಲಿಷ್ ಬಾರದ, ವಕೀಲರಿಲ್ಲದ ವ್ಯಕ್ತಿ ಅಷ್ಟರೊಳಗೆ ತೀರ್ಮಾನವನ್ನು ಯಾರಿಂದಲೋ ಓದಿಸಿಕೊಂಡು, ಅದರಲ್ಲಿನ ಕಾನೂನು ದೋಷವನ್ನು ಗುರುತಿಸಬೇಕು. ಬಾಂಗ್ಲಾದೇಶದ ಪ್ರಕರಣದಲ್ಲಿ ಅಂಥ ದೋಷ ಏಳು ನ್ಯಾಯಮೂರ್ತಿಗಳಲ್ಲಿ ಮೂವರಿಗೆ ಕಂಡಿರಲಿಲ್ಲ.

ಗಡುವು ಮೀರಿದರೆ ವಿಸ್ತರಣೆ ಕೋರಬಹುದು, ನಿಜ. ಆದರೆ ಆ ಕೋರಿಕೆಯನ್ನು ತೂಗುವಾಗ ನ್ಯಾಯಾಧೀಶರು ಅರ್ಜಿಯಲ್ಲಿ ಹುರುಳಿದೆಯೇ ಎಂದೂ ನೋಡುತ್ತಾರೆ. ಕೆಲವೊಮ್ಮೆ ಮೇಲುನೋಟಕ್ಕೆ ನಿಲ್ಲದೆ ಆಳಕ್ಕೂ ಇಳಿಯಬಹುದು ಎಂದು ಹೈಕೋರ್ಟ್ 2022ರಲ್ಲಿ ಒಪ್ಪಿದೆ. ವಿಸ್ತರಣೆ ನಿರಾಕರಿಸಿದರೆ ಫೆಡರಲ್ ನ್ಯಾಯಾಲಯಕ್ಕೆ ಮೇಲ್ಮನವಿ ಇಲ್ಲ. ಸಕಾಲಕ್ಕೆ ಬಂದು ಸೋತವನಿಗೆ ಇರುವ ಆ ಹಕ್ಕು, ತಡವಾಗಿ ಬಂದವನಿಗೆ ಪೂರ್ಣ ವಿಚಾರಣೆಯೇ ಇಲ್ಲದೆ ಕೈತಪ್ಪುತ್ತದೆ. 2001ರಲ್ಲಿ ನೇರವಾಗಿ ಮುಚ್ಚಲಾಗದ ಬಾಗಿಲು ಹೀಗೆ ಕಾರ್ಯವಿಧಾನದ ಮೂಲಕ ಅರ್ಧ ಮುಚ್ಚಿಕೊಂಡಿದೆ. ತೀರ್ಮಾನದ ಪ್ರತಿ ತಲುಪಿದ ದಿನದಿಂದ ಗಡುವನ್ನು ಎಣಿಸುವುದು, ವಿಸ್ತರಣೆಯ ನಿರಾಕರಣೆಗೂ ಅನುಮತಿಯ ಮೇರೆಗೆ ಮೇಲ್ಮನವಿ ಕೊಡುವುದು: ಈ ಎರಡಕ್ಕೂ ಸಂವಿಧಾನದ ತಿದ್ದುಪಡಿ ಬೇಡ, ವಲಸೆ ಕಾಯ್ದೆಯ ಎರಡು ಕಲಮುಗಳನ್ನು ಬದಲಿಸಿದರೆ ಸಾಕು.