ಮೀನಿನೊಳಗಿನ ಹುಳು, ಹಕ್ಕಿಯ ಬಾಯಿಗೆ ದಾರಿ

ಮೈಸೂರಿನ ರಾಮಕೃಷ್ಣನಗರದ ಮಗ್ಗುಲಲ್ಲೇ ಲಿಂಗಾಂಬುಧಿ ಕೆರೆ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದ್ದು. ಇಂಥ ಕೆರೆಯಲ್ಲಿ ನೀರುಕಾಗೆ ಮುಳುಗಿ ಮೀನು ಕಚ್ಚಿಕೊಂಡು ಎದ್ದರೆ ಹಕ್ಕಿ ಜಾಣ, ಮೀನು ಪೆದ್ದು ಅಂದುಕೊಳ್ಳುತ್ತೇವೆ. ಆದರೆ ಲೋಕದ ಎಷ್ಟೋ ಸಿಹಿನೀರಿನ ಮೀನುಗಳನ್ನು ಹಕ್ಕಿಯ ಬಾಯಿಗೆ ತಂದು ಬಿಡುವುದು ಅವುಗಳ ಮೈಯೊಳಗಿನ ಹುಳು.

ಇದು ಗೊತ್ತಾಗಲು ಇನ್ನೂರು ವರ್ಷ ಹಿಡಿಯಿತು. ಮೀನಿನ ಹೊಟ್ಟೆಯಲ್ಲಿ ಸಿಗುವ ಹುಳು ಅಲ್ಲೇ ತಾನಾಗಿ ಹುಟ್ಟುತ್ತದೆಂದು ಯುರೋಪಿನ ಪಂಡಿತರೇ ನಂಬಿದ್ದ ಕಾಲವಿತ್ತು. 1790ರ ಸುಮಾರಿಗೆ ಡೆನ್ಮಾರ್ಕಿನ ಪಶುವೈದ್ಯ ಅಬಿಲ್ಗಾರ್ಡ್ ಒಂದು ಪರೀಕ್ಷೆ ಮಾಡಿದ. ಸ್ಟಿಕಲ್‌ಬ್ಯಾಕ್ ಎಂಬ ಬೆರಳುದ್ದದ ಮುಳ್ಳುಮೀನನ್ನು ಬಾತುಗಳಿಗೆ ತಿನ್ನಿಸಿ, ಆಮೇಲೆ ಅವನ್ನು ಕೊಯ್ದು ನೋಡಿದ. ಮೀನಿನಲ್ಲಿದ್ದ ಲಾಡಿಹುಳು ಬಾತಿನ ಕರುಳಲ್ಲಿ ಬಲಿತಿತ್ತು. ಅಂದರೆ ಹುಳುವಿಗೆ ಮೀನು ಮನೆಯಲ್ಲ, ಬಸ್ಸು. 1842ರಲ್ಲಿ ಅದೇ ದೇಶದ ಸ್ಟೀನ್‌ಸ್ಟ್ರುಪ್, ಬಸವನಹುಳುವಿನಿಂದ ಹೊರಬರುವ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳೂ ಚಪ್ಪಟೆ ಹುಳುಗಳೂ ಒಂದೇ ಜೀವಿಯ ಬೇರೆ ಬೇರೆ ವೇಷ ಎಂದು ತೋರಿಸಿದ.

ಬಸ್ಸು ತಾನಾಗಿ ಹೋಗದಿದ್ದರೆ? ಹುಳುವೇ ಸ್ಟೇರಿಂಗ್ ಹಿಡಿಯುತ್ತದೆ. ಲಾಡಿಹುಳು ತುಂಬಿದ ಮುಳ್ಳುಮೀನಿನ ಹೊಟ್ಟೆ ಉಬ್ಬುತ್ತದೆ, ಉಸಿರಿಗೆ ಹೆಚ್ಚು ಆಮ್ಲಜನಕ ಬೇಕಾಗಿ ಮೇಲಕ್ಕೆ ಬರುತ್ತದೆ. ಹಕ್ಕಿಯ ನೆರಳು ಬಿದ್ದರೂ ಬೇಗ ಹೆದರಿಕೆ ಬಿಟ್ಟು ಮತ್ತೆ ಮೇಯತೊಡಗುತ್ತದೆ. ಇನ್ನೊಂದು ಜಾತಿಯ ಹುಳು ಮೀನಿನ ಕಣ್ಣಿನಲ್ಲೇ ಮನೆ ಮಾಡಿ ನೋಟ ಮಸುಕಾಗಿಸುತ್ತದೆ. ಇದರ ಲೆಕ್ಕಾಚಾರ ನೋಡಿ: ಹುಳು ಇನ್ನೂ ಎಳೆಯದಿದ್ದಾಗ ಮೀನು ಹೆಚ್ಚು ಓಡಾಡುವುದಿಲ್ಲ, ಸುಲಭಕ್ಕೆ ಸಿಗುವುದಿಲ್ಲ. ಹುಳು ಬಲಿತ ಮೇಲೆ ಅದೇ ಮೀನಿಗೆ ಓಡಾಟ ಹೆಚ್ಚು. ಬೆಳೆಯುವ ತನಕ ಬಚ್ಚಿಡು, ಬೆಳೆದ ಮೇಲೆ ಮಾರಿಬಿಡು.

ಅಮೆರಿಕದ ಲ್ಯಾಫರ್ಟಿ, ಮಾರಿಸ್ ಎಂಬಿಬ್ಬರು 1996ರಲ್ಲಿ ಕ್ಯಾಲಿಫೋರ್ನಿಯಾದ ಕಡಲಂಚಿನ ಕಿಲ್ಲಿಮೀನಿನ ಲೆಕ್ಕ ಕೊಟ್ಟರು. ಹುಳು ಹಿಡಿದವು ಪಲ್ಟಿ ಹೊಡೆದು ಹೊಟ್ಟೆ ಮಿನುಗಿಸುತ್ತಿದ್ದವು, ಆರೋಗ್ಯದ ಮೀನಿಗಿಂತ 10ರಿಂದ 30 ಪಟ್ಟು ಹೆಚ್ಚು ಹಕ್ಕಿಗಳ ಪಾಲಾಗುತ್ತಿದ್ದವು.

ನಮ್ಮ ಕಡೆಯ ಕತೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನದು. ಊರಿನ ಮರಗಳ ಮೇಲೆ ಗೂಡು ಕಟ್ಟುವ ಹೆಜ್ಜಾರ್ಲೆಗಳನ್ನು ಅಲ್ಲಿನವರು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ನೋಡುತ್ತಾರೆ. 2017ರ ಡಿಸೆಂಬರ್‌ನಿಂದ ಹೆಜ್ಜಾರ್ಲೆಗಳು ಒಂದೊಂದಾಗಿ ಸಾಯತೊಡಗಿದವು. ಅದೇ ವರ್ಷದ ಆರಂಭದಲ್ಲಿ ಹಕ್ಕಿಜ್ವರಕ್ಕೆ ಮೈಸೂರು ಮೃಗಾಲಯ ಒಂದು ತಿಂಗಳು ಬಾಗಿಲು ಮುಚ್ಚಿದ್ದರಿಂದ ಜನರಿಗೆ ಅಳುಕು ಸಹಜ. ಆದರೆ ಸತ್ತ ಹಕ್ಕಿಗಳನ್ನು ಕೊಯ್ದಾಗ ಸಿಕ್ಕಿದ್ದು ದುಂಡುಹುಳು. ಇಂಥ ಹುಳು ಮೀನಿನ ಮೂಲಕವೇ ಹಕ್ಕಿಗೆ ದಾಟುತ್ತದೆ. ಬಲಿತ ಹಕ್ಕಿ ಸ್ವಲ್ಪ ಹುಳು ತಾಳಿಕೊಳ್ಳುತ್ತದೆ, ಮಿತಿಮೀರಿದರೆ ಇಲ್ಲ.

ಕೆರೆ ಗುತ್ತಿಗೆ ಹಿಡಿದು ಮೀನು ಸಾಕುವವರಿಗೆ ಇನ್ನೊಂದು ಶತ್ರು ಗೊತ್ತೇ ಇದೆ: ಮೀನಿನ ಹೇನು. ಇದು ಒಳಗೆ ಕೂತು ಆಡಿಸುವುದಲ್ಲ, ಹೊರಗೆ ಅಂಟಿ ರಕ್ತ ಹೀರುವುದು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಚುಚ್ಚುಮದ್ದು ಕೊಟ್ಟು ಗೆಂಡೆಮೀನಿಗೆ ಮೊಟ್ಟೆ ಇಡಿಸಿದ ಮೇಲೆ ಮೀನುಮರಿ ಊರೂರಿಗೆ ಸಿಗುವಂತಾಯಿತು. ಮರಿ ಬಂದ ನೀರಿನಲ್ಲೇ ಹೇನೂ ಬರಬಹುದು. ಕಾಟ್ಲಾ, ರೋಹು ಕಲ್ಲಿಗೆ, ಕಂಬಕ್ಕೆ ಮೈ ಉಜ್ಜುವುದು, ಕಾರಣವಿಲ್ಲದೆ ನೆಗೆಯುವುದು, ಹಾಕಿದ ಮೇವು ಮುಟ್ಟದಿರುವುದು ಕಂಡರೆ ಒಂದನ್ನು ಹಿಡಿದು ರೆಕ್ಕೆಯ ಬುಡ ನೋಡಿ. ಹೇನು ಮೊಟ್ಟೆ ಅಂಟಿಸುವುದು ಕಲ್ಲು, ಕಡ್ಡಿ, ಹಲಗೆಯಂಥ ಗಟ್ಟಿ ಜಾಗಕ್ಕೆ. ಅದಕ್ಕೇ ಕೆಲವರು ನೀರಿಗೆ ಬಿದಿರು, ಹಲಗೆ ಇಳಿಬಿಟ್ಟು, ಕೆಲವು ದಿನಕ್ಕೊಮ್ಮೆ ಎತ್ತಿ ಚೆನ್ನಾಗಿ ಬಿಸಿಲಿಗೆ ಒಣಗಿಸಿ ಮತ್ತೆ ಇಳಿಸುತ್ತಾರೆ.