ಗೋಷ್ಠಿಯ ಪಂಡಿತ, ಕ್ಷೇತ್ರದ ವಕ್ತೃ: ಪಾಂಡಿಚೇರಿಯ ಫ್ರೆಂಚ್ ಸಂಸ್ಥೆ ಮತ್ತು ಪುಲಿಗೆರೆ ಸೀಮೆಯ ಅಧ್ಯಯನ

ಕನ್ನಡದ ವಿದ್ವತ್ ವಲಯದಲ್ಲಿ ‘ವಿಚಾರ ಸಂಕಿರಣ’ ಎಂದರೆ ಸಾಮಾನ್ಯವಾಗಿ ಎರಡು ಅಥವಾ ಮೂರು ದಿನಗಳ ಕಾರ್ಯಕ್ರಮ. ಉದ್ಘಾಟನೆ, ಆಶಯ ಭಾಷಣ, ಗೋಷ್ಠಿಗಳು, ಸಮಾರೋಪ ಎಂಬುದು ಅದರ ಕ್ರಮ. ಫ್ರೆಂಚ್ ವಿದ್ವತ್ ಪರಂಪರೆಯಲ್ಲಿ ಸೆಮಿನಾರ್ ಎಂಬ ಪದಕ್ಕೆ ಬೇರೆಯೇ ಅರ್ಥವಿದೆ. ಒಂದು ಶೈಕ್ಷಣಿಕ ಅವಧಿಯುದ್ದಕ್ಕೂ ಗೊತ್ತಾದ ದಿನಗಳಂದು ಅದೇ ಜನ ಸೇರಿ, ಒಂದೇ ಪಠ್ಯವನ್ನೋ ಒಂದೇ ಸಮಸ್ಯೆಯನ್ನೋ ನಿಧಾನವಾಗಿ ಪರಿಶೀಲಿಸುವ ಪದ್ಧತಿ ಅದು. ಈ ಪದ್ಧತಿ ಭಾರತಕ್ಕೆ ಬಂದಾಗ ಪಡೆದ ರೂಪವನ್ನು, ಅದರಿಂದ ಗದಗ ಜಿಲ್ಲೆಯ ಪುಲಿಗೆರೆ ಸೀಮೆಯ ಜಾನಪದ ಅಧ್ಯಯನ ಕಲಿಯಬೇಕಾದುದನ್ನು ಗುರುತಿಸುವುದು ಈ ಪ್ರಬಂಧದ ಉದ್ದೇಶ.

ಫ್ರಾನ್ಸಿನಲ್ಲಿ ಇದಕ್ಕೆ ಸಾಂಸ್ಥಿಕ ರೂಪ ದೊರೆತದ್ದು 1868ರಲ್ಲಿ. ಶಿಕ್ಷಣ ಸಚಿವ ವಿಕ್ತೋರ್ ದ್ಯುರ್ವಿ ಪ್ಯಾರಿಸ್ಸಿನಲ್ಲಿ ‘ಎಕೋಲ್ ಪ್ರಾತಿಕ್ ದೆ ಓತ್ಜ್ ಎತ್ಯೂದ್’ ಎಂಬ ಉನ್ನತ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದರು. ಜರ್ಮನ್ ವಿಶ್ವವಿದ್ಯಾಲಯಗಳ ಮಾದರಿಯಲ್ಲಿ, ಸಾರ್ವಜನಿಕ ಉಪನ್ಯಾಸಕ್ಕೆ ಬದಲಾಗಿ ಕೂಡಿ ಓದುವ ಅಭ್ಯಾಸಕ್ಕೆ ಅಲ್ಲಿ ಆದ್ಯತೆ ದೊರೆಯಿತು. ಇದೇ ಸಂಸ್ಥೆಯಲ್ಲಿ ಕ್ಲೋದ್ ಲೆವಿಸ್ತ್ರೋಸ್ ಅವರು 1950ರ ದಶಕದಲ್ಲಿ ಮಾಡಿದ ಬದಲಾವಣೆಯೊಂದು ಜಾನಪದ ವಿದ್ವಾಂಸರಿಗೆ ಮುಖ್ಯವಾದುದು. ಅವರು ವಹಿಸಿಕೊಂಡ ಪೀಠದ ಹೆಸರಿನಲ್ಲಿ ‘ಅನಾಗರಿಕ ಜನಾಂಗಗಳ ಧರ್ಮಗಳು’ ಎಂದಿತ್ತು. ಅದನ್ನು ಅವರು ‘ಬರಹವಿಲ್ಲದ ಜನಾಂಗಗಳ ತೌಲನಿಕ ಧರ್ಮಗಳು’ ಎಂದು ಬದಲಿಸಿದರು. ಅಧ್ಯಯನಕ್ಕೆ ವಸ್ತುವಾಗಿದ್ದ ಸಮಾಜಗಳಿಂದ ಬಂದವರೇ ಶ್ರೋತೃಗಳಾಗಿ ಎದುರು ಕುಳಿತು ಪ್ರಶ್ನಿಸತೊಡಗಿದಾಗ ಹಳೆಯ ಹೆಸರು ಉಳಿಯುವಂತಿರಲಿಲ್ಲ. ಗೋಷ್ಠಿಯಲ್ಲಿ ಯಾರು ಕುಳಿತಿದ್ದಾರೆ ಎಂಬುದು ಅಲ್ಲಿ ಹುಟ್ಟುವ ಜ್ಞಾನದ ಸ್ವರೂಪವನ್ನೂ ಬದಲಿಸುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಪಾಂಡಿಚೇರಿಯ ಪ್ರಯೋಗ

1954ರ ನವೆಂಬರ್ 1ರಂದು ಪಾಂಡಿಚೇರಿಯ ಆಡಳಿತ ಭಾರತಕ್ಕೆ ಹಸ್ತಾಂತರವಾಯಿತು. ಮರುವರ್ಷ, 1955ರ ಮಾರ್ಚ್‌ನಲ್ಲಿ, ಅಲ್ಲಿ ಫ್ರೆಂಚ್ ಸಂಶೋಧನ ಸಂಸ್ಥೆ ಆರಂಭವಾಯಿತು. ಅದರ ಮೊದಲ ನಿರ್ದೇಶಕರಾದ ಜ್ಯಾಂ ಫಿಲ್ಲಿಯೋಜಾ ವೃತ್ತಿಶಿಕ್ಷಣದಿಂದ ವೈದ್ಯರು. ಪ್ರವೃತ್ತಿಯಿಂದ ಸಂಸ್ಕೃತ, ತಮಿಳುಗಳನ್ನು ಬಲ್ಲ ಭಾರತೀಯ ವಿದ್ಯೆಯ ವಿದ್ವಾಂಸರು. ಪ್ಯಾರಿಸ್ಸಿನ ಗೋಷ್ಠಿ ಪದ್ಧತಿ ಇಲ್ಲಿ ಸಾಂಪ್ರದಾಯಿಕ ಪಾಠಕ್ರಮದೊಡನೆ ಕೂಡಿಕೊಂಡಿತು. ದಕ್ಷಿಣದ ದೇವಾಲಯ, ಮಠ ಹಾಗೂ ಅರ್ಚಕರ ಮನೆಗಳಿಂದ ಸಂಗ್ರಹಿಸಿದ ತಾಳೆಯೋಲೆಗಳನ್ನು ಪಂಡಿತರು ಓದಿ, ಪ್ರತಿ ಮಾಡಿ, ಪಾಠಾಂತರಗಳನ್ನು ಗುರುತಿಸಿದರು. ಶೈವಾಗಮಗಳ ಈ ಸಂಗ್ರಹ ಇಂದು ಜಗತ್ತಿನಲ್ಲೇ ಮಹತ್ವದ್ದು. ನಗರದ ಎರಡು ಫ್ರೆಂಚ್ ಸಂಸ್ಥೆಗಳಲ್ಲಿರುವ ಸುಮಾರು 11,000 ಶೈವ ಹಸ್ತಪ್ರತಿಗಳನ್ನು 2005ರಲ್ಲಿ ಯುನೆಸ್ಕೋ ತನ್ನ ‘ವಿಶ್ವದ ಸ್ಮೃತಿ’ ಪಟ್ಟಿಗೆ ಸೇರಿಸಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಪಂಡಿತನಿಗೆ ದೊರೆತ ಸ್ಥಾನ. ರೌರವಾಗಮ, ಮೃಗೇಂದ್ರಾಗಮ, ಮತಂಗಪಾರಮೇಶ್ವರಾಗಮಗಳ ಸಂಪಾದಕರಾಗಿ ಮುಖಪುಟದಲ್ಲಿ ಕಾಣುವ ಹೆಸರು ಪಂಡಿತ ಎನ್.ಆರ್. ಭಟ್ಟರದು. ಪರಂಪರೆಯನ್ನು ಬಲ್ಲವನು ಇಲ್ಲಿ ಮಾಹಿತಿ ಕೊಡುವವನಷ್ಟೇ ಅಲ್ಲ, ಗ್ರಂಥಕರ್ತನೂ ಹೌದು.

ಕರ್ನಾಟಕಕ್ಕೂ ಈ ವಿದ್ವತ್ ಲೋಕಕ್ಕೂ ಹಲವು ನಂಟುಗಳಿವೆ. ಪಾಂಡಿಚೇರಿಯ ಸಂಸ್ಥೆಯು ಪಶ್ಚಿಮಘಟ್ಟಗಳ ಅರಣ್ಯ ನಕಾಶೆಗಳನ್ನು ಸಿದ್ಧಪಡಿಸಿತು. ಹಾವೇರಿಯಲ್ಲಿ ಜನಿಸಿದ ಶಾಸನತಜ್ಞೆ ವಸುಂಧರಾ ಫಿಲ್ಲಿಯೋಜಾ ಅವರು ವಿಜಯನಗರದ ಆರಂಭದಿಂದ 1377ರವರೆಗಿನ ಶಾಸನಗಳನ್ನು ಕುರಿತು ಫ್ರೆಂಚಿನಲ್ಲಿ ಬರೆದ ಗ್ರಂಥ 1973ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾಯಿತು. ತುಂಗಭದ್ರೆಯ ದಡದ ಚೌಡದಾನಪುರದ ಮುಕ್ತೇಶ್ವರ ದೇವಾಲಯವನ್ನು ಕುರಿತ ಅವರ ಅಧ್ಯಯನ 1995ರಲ್ಲಿ ಹೊರಬಂದಿತು. ಶಾಸನದ ಕನ್ನಡ, ಆಗಮದ ಸಂಸ್ಕೃತ, ಕಟ್ಟಡದ ಶಿಲ್ಪ ಇವನ್ನು ಒಟ್ಟಿಗೆ ಓದುವ ಕ್ರಮ ಅದರ ವೈಶಿಷ್ಟ್ಯ.

ಪುಲಿಗೆರೆಯ ಮೂರು ಪಠ್ಯಗಳು

ಚೌಡದಾನಪುರಕ್ಕೆ ಸಂದ ಈ ಬಗೆಯ ಓದು ನೆರೆಯ ಪುಲಿಗೆರೆಗೂ, ಅಂದರೆ ಇಂದಿನ ಲಕ್ಷ್ಮೇಶ್ವರಕ್ಕೂ, ಸಲ್ಲಬೇಕಾಗಿದೆ. ಕವಿರಾಜಮಾರ್ಗಕಾರನು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಊರು ಇದು. ಇಲ್ಲಿನ ಶಾಸನಗಳನ್ನು ಜೆ.ಎಫ್. ಫ್ಲೀಟ್ ಅವರ ಕಾಲದಿಂದಲೂ ವಿದ್ವಾಂಸರು ಓದುತ್ತ ಬಂದಿದ್ದಾರೆ. ಸೌರಾಷ್ಟ್ರದಿಂದ ಸೋಮನಾಥನನ್ನು ತಂದ ಆದಯ್ಯನ ಕಥೆಯನ್ನು ಹರಿಹರ ರಗಳೆಯಾಗಿ ಹೇಳಿದ; ರಾಘವಾಂಕ ಅದನ್ನೇ ‘ಸೋಮನಾಥ ಚಾರಿತ್ರ’ವಾಗಿಸಿದ. ಹೀಗೆ ಶಿಲೆಯ ಪಠ್ಯ ಒಂದು, ಕಾವ್ಯದ ಪಠ್ಯ ಇನ್ನೊಂದು. ಮೂರನೆಯದು ಲಕ್ಷ್ಮೇಶ್ವರದ ಸುತ್ತಲಿನ ಯಳವತ್ತಿಯಂತಹ ಊರುಗಳ ಬಾಯಿಮಾತಿನ ಪರಂಪರೆ: ಬೀಸುವ ಕಲ್ಲಿನ ಪದ, ಸೋಬಾನೆ, ಭಜನೆ, ದೊಡ್ಡಾಟ, ಮೊಹರಮ್ಮಿನ ಪದ, ಊರದೇವರ ಐತಿಹ್ಯ. ಮೊದಲೆರಡಕ್ಕೆ ಸಂಪಾದಕರಿದ್ದಾರೆ, ಪಾಠಾಂತರಗಳಿವೆ, ಟಿಪ್ಪಣಿಗಳಿವೆ. ಮೂರನೆಯದನ್ನು ನಾವು ಬಹುಮಟ್ಟಿಗೆ ಸಂಗ್ರಹಿಸಿದ್ದೇವೆಯೇ ಹೊರತು ಹಾಡಿದವರ ಜೊತೆ ಕುಳಿತು ಓದಿಲ್ಲ.

ಕನ್ನಡ ಜಾನಪದ ಸಂಗ್ರಹದ ಸಾಧನೆ ದೊಡ್ಡದು. ಹಲಸಂಗಿ ಗೆಳೆಯರ ‘ಗರತಿಯ ಹಾಡು’ (1931) ಹೊರಬಂದಂದಿನಿಂದ ಸಾವಿರಾರು ಹಾಡುಗಳು ಅಳಿವಿನಿಂದ ಪಾರಾಗಿವೆ. ಆದರೆ ಬಹುಪಾಲು ಸಂಕಲನಗಳಲ್ಲಿ ಸಂಗ್ರಾಹಕನ ಹೆಸರು ಮುಖಪುಟದಲ್ಲಿರುತ್ತದೆ; ಹಾಡಿದವಳ ಹೆಸರು, ಅದು ದಾಖಲಾಗಿದ್ದರೆ, ಅನುಬಂಧದ ವಕ್ತೃಗಳ ಪಟ್ಟಿಯಲ್ಲಿ ವಯಸ್ಸು, ಊರುಗಳ ನಡುವೆ ಇರುತ್ತದೆ. ಓಲೆ ಓದುವ ಪಂಡಿತನಿಗೆ ಸಂದ ಮನ್ನಣೆ ಹಾಡು ಬಲ್ಲ ಹೆಣ್ಣುಮಗಳಿಗೆ ಸಲ್ಲಲಿಲ್ಲ. ಈ ಅಂತರ ಕೇವಲ ಗೌರವದ ಪ್ರಶ್ನೆಯಲ್ಲ, ಅರ್ಥದ ಪ್ರಶ್ನೆಯೂ ಹೌದು. ಒಂದು ನುಡಿಯನ್ನು ಯಾವ ಸಂದರ್ಭದಲ್ಲಿ ಬಿಡಬೇಕು, ಯಾವುದನ್ನು ಯಾರ ಮುಂದೆ ಹಾಡಬಾರದು ಎಂಬ ವಿಮರ್ಶೆ ಹಾಡುವವರಲ್ಲಿಯೇ ಇರುತ್ತದೆ. ಅವರು ಗೋಷ್ಠಿಯಲ್ಲಿ ಇಲ್ಲವಾದರೆ ಆ ವಿಮರ್ಶೆಯೂ ಇಲ್ಲವಾಗುತ್ತದೆ.

ಬೇರೆ ದಾರಿ ಸಾಧ್ಯವೆಂಬುದಕ್ಕೆ ಕರ್ನಾಟಕದಲ್ಲೇ ನಿದರ್ಶನವಿದೆ. ಫಿನ್ಲೆಂಡಿನ ಲೌರಿ ಹಾಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರೊಡನೆ 1990ರ ಡಿಸೆಂಬರ್‌ನಲ್ಲಿ ದಾಖಲಿಸಿದ ತುಳುವಿನ ಸಿರಿ ಮಹಾಕಾವ್ಯ 15,683 ಸಾಲುಗಳದು. 1998ರಲ್ಲಿ ಪ್ರಕಟವಾದ ಆ ಗ್ರಂಥದ ಶೀರ್ಷಿಕೆಯಲ್ಲೇ ಹಾಡುಗಾರ ಗೋಪಾಲ ನಾಯ್ಕರ ಹೆಸರಿದೆ. ಪಾಂಡಿಚೇರಿಯಲ್ಲಿ ಪಂಡಿತನಿಗೆ ಸಿಕ್ಕ ಸ್ಥಾನ ಇಲ್ಲಿ ಮೌಖಿಕ ಕವಿಗೆ ಸಿಕ್ಕಿದೆ.

ಪುಲಿಗೆರೆ ಸೀಮೆಯಲ್ಲಿ ಇಂತಹ ಕೆಲಸಕ್ಕೆ ಬೇಕಾದ ಸಾಮಗ್ರಿಯೂ ಇದೆ, ನೆರೆಯಲ್ಲೇ ಸಂಸ್ಥೆಗಳೂ ಇವೆ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಿದೆ. 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿದೆ. ಬೇಕಾದುದು ಎರಡು ದಿನಗಳ ಮತ್ತೊಂದು ಸಂಕಿರಣವಲ್ಲ. ಸುಗ್ಗಿ ಮುಗಿದು ಮುಂಗಾರು ಹಿಡಿಯುವವರೆಗಿನ ಬಿಡುವಿನಲ್ಲಿ ವಾರಕ್ಕೊಮ್ಮೆ ಸೇರುವ ಒಂದು ಅವಧಿಯ ಓದು. ಸೋಮೇಶ್ವರ ದೇಗುಲದ ಶಾಸನ, ರಾಘವಾಂಕನ ಕಾವ್ಯ, ಹಳ್ಳಿಯ ಹಾಡು ಒಂದೇ ಜಮಖಾನೆಯ ಮೇಲೆ ಎದುರುಬದುರಾಗಬೇಕು. ಶಾಸನತಜ್ಞನ ಪಕ್ಕದಲ್ಲಿ ಯಳವತ್ತಿಯ ಹಾಡುಗಾರ್ತಿ ಕುಳಿತು, ಅವನ ಓದನ್ನು ತಿದ್ದುವ ಅಧಿಕಾರ ಅವಳಿಗೂ ಇರಬೇಕು. ಅಲ್ಲಿಂದ ಹೊರಬರುವ ಗ್ರಂಥದ ಮುಖಪುಟದಲ್ಲಿ ಇಬ್ಬರ ಹೆಸರೂ ಇರಬೇಕು. ಹಾಡು ಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ತಾಳೆಯೋಲೆ ಓದುಗನಿಗಾಗಿ ಕೆಲವು ಶತಮಾನ ಕಾಯಬಲ್ಲದು. ಕಂಠಕ್ಕೆ ಆ ಕಾಲಾವಕಾಶವಿಲ್ಲ.