ಹಳೆಯ ಕಾರು, ಹೊಸ ಬ್ರೇಕು

ಕುದುರೆಗೆ ಕಡಿವಾಣ, ಆನೆಗೆ ಅಂಕುಶ, ಎತ್ತಿಗೆ ಮೂಗುದಾರ. ತಡೆಯುವ ಸಾಧನಗಳಿಗೆ ನಮ್ಮ ಭಾಷೆಯಲ್ಲಿ ಹೆಸರುಗಳ ಬಡತನವಿಲ್ಲ. ಆದರೆ ಈ ಹೆಸರುಗಳೆಲ್ಲ ಸೇರಿ ಒಂದು ಸಂಗತಿಯನ್ನು ಸೂಚಿಸುತ್ತವೆ: ಹಿಂದಿನವರಿಗೆ ತಡೆಯೆಂಬುದು ವಾಹನದಲ್ಲಿರಲಿಲ್ಲ, ಅದನ್ನು ಎಳೆಯುವ ಪ್ರಾಣಿಯಲ್ಲಿತ್ತು. ಕಠೋಪನಿಷತ್ತಿನ ರಥರೂಪಕದಲ್ಲಿ ಬುದ್ಧಿಯೇ ಸಾರಥಿ, ಮನಸ್ಸೇ ಕಡಿವಾಣ, ಇಂದ್ರಿಯಗಳೇ ಕುದುರೆಗಳು. ಗಾಲಿಯನ್ನು ಹಿಡಿದು ನಿಲ್ಲಿಸುವ ಸಾಧನದ ಮಾತೇ ಅಲ್ಲಿಲ್ಲ. ಎದುರಿಗೆ ಹಳ್ಳ ಕಂಡರೆ ಎತ್ತು ತಾನಾಗಿ ನಿಲ್ಲುತ್ತದೆ. ಗಾಡಿಯವನು ತೂಕಡಿಸಿದರೂ ಎತ್ತು ಎಚ್ಚರವಾಗಿರುತ್ತದೆ. ಕಡಿದಾದ ಇಳಿಜಾರಿನಲ್ಲಿ ಮಾತ್ರ, ಗಾಡಿಯ ಭಾರವೆಲ್ಲ ಎತ್ತುಗಳ ಹೆಗಲಿಗೆ ನುಗ್ಗದಿರಲೆಂದು, ಗಾಲಿಯ ಕಬ್ಬಿಣದ ಪಟ್ಟೆಗೆ ಮರದ ತುಂಡನ್ನು ಒತ್ತಿ ಕಟ್ಟುತ್ತಿದ್ದರು. ಅಷ್ಟರಿಂದಲೇ ಕೆಲಸ ಸಾಗುತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂಡಿಯಿಂದ ಕುದುರೆಯನ್ನು ಬಿಚ್ಚಿ ಅದರ ಜಾಗದಲ್ಲಿ ಎಂಜಿನನ್ನು ಕೂಡಿಸಿದರು. ಎಳೆಯುವ ಶಕ್ತಿ ಹೆಚ್ಚಿತು. ಆದರೆ ಕುದುರೆಯೊಡನೆ ನಿಲ್ಲುವ ಬುದ್ಧಿಯೂ ಹೊರಟುಹೋಯಿತು. ಆ ಬುದ್ಧಿಯನ್ನು ಲೋಹದಲ್ಲಿ ಮರಳಿ ಪಡೆಯಲು ಮನುಷ್ಯನು ಪಟ್ಟ ಪಾಡೇ ಬ್ರೇಕಿನ ಚರಿತ್ರೆ. ಸಾಹಿತ್ಯವನ್ನು ಪಾಠ ಹೇಳಿದವನಿಗೆ ಇದರ ಗೊಡವೆ ಏಕೆಂದು ನೀವು ಕೇಳಬಹುದು. ಕಾರಣವನ್ನು ಮುಂದೆ ಹೇಳುತ್ತೇನೆ.

ಈ ಚರಿತ್ರೆಯ ಮೊದಲ ಅಧ್ಯಾಯದಲ್ಲಿರುವವಳು ಒಬ್ಬ ಗೃಹಿಣಿ. ೧೮೮೮ರ ಆಗಸ್ಟ್ ತಿಂಗಳಲ್ಲಿ ಬರ್ತಾ ಬೆಂಜ್ ಎಂಬಾಕೆ, ತನ್ನ ಪತಿ ಕಾರ್ಲ್ ಬೆಂಜ್ ನಿರ್ಮಿಸಿದ ಮೂರು ಗಾಲಿಯ ಮೋಟಾರು ಬಂಡಿಯನ್ನು ಅವನಿಗೆ ತಿಳಿಸದೆಯೇ ಹೊರಡಿಸಿಕೊಂಡು, ಇಬ್ಬರು ಮಕ್ಕಳೊಡನೆ ಜರ್ಮನಿಯ ಮಾನ್‌ಹೈಮ್‌ನಿಂದ ತವರೂರಾದ ಫೋರ್ಟ್ಸ್‌ಹೈಮ್‌ಗೆ ಪ್ರಯಾಣ ಮಾಡಿದಳು. ಸುಮಾರು ನೂರು ಕಿಲೋಮೀಟರುಗಳ ಆ ದಾರಿಯ ಇಳಿಜಾರುಗಳಲ್ಲಿ ಮರದ ಬ್ರೇಕುತುಂಡುಗಳು ಸವೆದುಹೋದವು. ಆಕೆ ಎದೆಗುಂದದೆ ಜೋಡು ಹೊಲಿಯುವ ಕುಶಲಕರ್ಮಿಯೊಬ್ಬನಿಂದ ಆ ತುಂಡುಗಳಿಗೆ ಚರ್ಮವನ್ನು ಹೊಡೆಸಿಕೊಂಡು ಮುಂದೆ ಸಾಗಿದಳು. ಇಂದು ನಮ್ಮ ಮೆಕ್ಯಾನಿಕ್ಕುಗಳು ‘ಲೈನರ್’ ಎನ್ನುವ ವಸ್ತುವಿನ ಹುಟ್ಟು ಅದೇ ಎಂದು ಹೇಳುತ್ತಾರೆ. ಕೆಲವೇ ವರ್ಷಗಳ ಮೇಲೆ, ೧೮೯೭ರಲ್ಲಿ, ಇಂಗ್ಲೆಂಡಿನ ಡರ್ಬಿಷೈರ್ ಪ್ರಾಂತದಲ್ಲಿ ಹರ್ಬರ್ಟ್ ಫ್ರೂಡ್ ಎಂಬಾತನು ಇಂಥ ಲೈನರುಗಳ ತಯಾರಿಕೆಯನ್ನೇ ವೃತ್ತಿಯಾಗಿ ಕೈಗೊಂಡನು. ಮುಂದೆ ಲೈನರಿಗೆ ಚರ್ಮ, ಬಟ್ಟೆಗಳು ಸಾಲದೆ ಆಸ್ಬೆಸ್ಟಾಸ್ ಬಂದಿತು. ನಮ್ಮವರು ಅದನ್ನು ಕಲ್ನಾರು ಎಂದು ಎಷ್ಟು ಸೊಗಸಾಗಿ ಕರೆದಿದ್ದಾರೆ! ಬೆಂಕಿಗೆ ಅಂಜದ ಆ ನಾರು ಶ್ವಾಸಕೋಶವನ್ನು ಕೊಲ್ಲುವ ನಾರೂ ಹೌದೆಂಬುದು ಲೋಕಕ್ಕೆ ಮನವರಿಕೆಯಾಗಲು ಬಹುಕಾಲ ಹಿಡಿಯಿತು.

ಗಾಲಿಗೆ ಗಾಳಿ ತುಂಬಿದ ರಬ್ಬರ್ ಟೈರು ಬಂದ ಮೇಲೆ ಟೈರಿಗೇ ಮರವನ್ನು ಒತ್ತುವ ಪದ್ಧತಿ ನಡೆಯದಾಯಿತು. ಆಗ, ೧೯೦೨ರಲ್ಲಿ, ಎರಡು ದಾರಿಗಳು ಒಟ್ಟಿಗೆ ತೆರೆದುಕೊಂಡವು. ಫ್ರಾನ್ಸಿನ ಲೂಯಿ ರೆನೋ ಡ್ರಮ್ ಬ್ರೇಕನ್ನು ರೂಪಿಸಿದನು: ಗಾಲಿಯೊಡನೆ ತಿರುಗುವ ಡೋಲಿನಂಥ ಪಾತ್ರೆ, ಅದರ ಒಳಗೋಡೆಗೆ ಒಳಗಿನಿಂದ ಒತ್ತುವ ಎರಡು ಬಾಗಿದ ‘ಶೂ’ಗಳು. ಅದೇ ವರ್ಷ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್, ತಿರುಗುವ ತಟ್ಟೆಯನ್ನು ಎರಡು ಕಡೆಯಿಂದಲೂ ಚಿಮಟದಂತೆ ಹಿಡಿಯುವ ಡಿಸ್ಕ್ ಬ್ರೇಕಿಗೆ ಪೇಟೆಂಟು ಪಡೆದನು. ಡ್ರಮ್ಮು ಗೆದ್ದಿತು. ಡಿಸ್ಕು ಕಾಲ ಕೂಡಿಬರಲೆಂದು ಅರ್ಧ ಶತಮಾನ ಕಾಯಬೇಕಾಯಿತು.

ಪಾದದ ಒತ್ತಡವನ್ನು ಗಾಲಿಗಳಿಗೆ ಸಮನಾಗಿ ಹಂಚುವುದು ಇನ್ನೊಂದು ಸಮಸ್ಯೆ. ಸರಳು, ತಂತಿಗಳಿಂದ ಎಳೆದರೆ ಒಂದು ಗಾಲಿ ಬೇಗ ಹಿಡಿಯುತ್ತಿತ್ತು, ಇನ್ನೊಂದು ತಡವಾಗಿ. ಕಾರು ಪಕ್ಕಕ್ಕೆ ಎಳೆಯುತ್ತಿತ್ತು. ಮುಚ್ಚಿದ ಪಾತ್ರೆಯ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು ಹದಿನೇಳನೆಯ ಶತಮಾನದಲ್ಲೇ ಪ್ಯಾಸ್ಕಲನು ತೋರಿಸಿದ್ದನು. ಆ ತತ್ತ್ವವನ್ನು ಕಾರಿಗೆ ಅಳವಡಿಸಿ ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ೧೯೧೭ರಲ್ಲಿ ಪೇಟೆಂಟು ಪಡೆದನು. ೧೯೨೧ರಲ್ಲಿ ಡ್ಯೂಸೆನ್‌ಬರ್ಗ್ ಕಾರಿಗೂ ೧೯೨೪ರಲ್ಲಿ ಕ್ರೈಸ್ಲರ್ ಕಾರಿಗೂ ದ್ರವದ ಬ್ರೇಕು ಬಂದಿತು. ಫೋರ್ಡ್ ಕಂಪನಿ ಮಾತ್ರ ೧೯೩೯ರ ಮಾದರಿಯವರೆಗೆ ಅದನ್ನು ಒಪ್ಪಲಿಲ್ಲ.

ಈ ಅಂಜಿಕೆಯನ್ನು ಕೇವಲ ಮೊಂಡುತನವೆನ್ನಲಾಗದು. ನಾಲ್ಕು ಗಾಲಿಗಳಿಗೂ ದ್ರವ ಒಂದೇ ಕೊಳವೆಯ ಜಾಲದಲ್ಲಿ ಹರಿಯುವಾಗ, ಎಲ್ಲಿಯಾದರೂ ಒಂದು ಕಡೆ ಒಡೆದರೆ ನಾಲ್ಕೂ ಗಾಲಿಗಳ ತಡೆ ಒಮ್ಮೆಲೇ ಹೋಗುತ್ತದೆ; ಉಳಿಯುವುದು ಕೈಬ್ರೇಕು ಮಾತ್ರ. ಇದಕ್ಕೆ ಪರಿಹಾರ ಬಲು ಸರಳ. ಮಾಸ್ಟರ್ ಸಿಲಿಂಡರಿನೊಳಗೆ ಎರಡು ಕೋಣೆಗಳನ್ನು ಮಾಡಿ ಎರಡು ದಾರಿಗಳನ್ನು ಬೇರ್ಪಡಿಸಿದರೆ, ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ. ಅಮೆರಿಕದ ಕೆಲವು ಕಾರುಗಳಲ್ಲಿ ಇದು ೧೯೬೨ರಲ್ಲಿ ಬಂದಿತು. ೧೯೬೮ರಿಂದ ಅಲ್ಲಿ ಕಾನೂನೇ ಆಯಿತು. ಈ ನಡುವೆ ೧೯೫೩ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದಿತು. ೧೯೫೫ರಲ್ಲಿ ಸಿಟ್ರೊಯೆನ್ ಡಿ.ಎಸ್. ಕಾರಿನ ಮೂಲಕ ಡಿಸ್ಕು ಸಂಸಾರಿಗರ ಮನೆಯಂಗಳಕ್ಕೂ ಬಂದಿತು. ಡ್ರಮ್ಮು ಕಾದರೆ ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ; ಲೈನರೂ ಕಾದು ಹಿಡಿತ ಬಿಡುತ್ತದೆ. ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿಯನ್ನು ಬರೀ ಬ್ರೇಕನ್ನೇ ನಂಬಿ ಇಳಿಯಬಾರದೆಂದು ಹಿರಿಯ ಚಾಲಕರು ಹೇಳುತ್ತಿದ್ದುದು ಇದಕ್ಕಾಗಿಯೇ. ಡಿಸ್ಕಾದರೋ ಗಾಳಿಗೆ ತೆರೆದುಕೊಂಡಿದ್ದು ಬೇಗ ಆರುತ್ತದೆ.

ಇನ್ನು ನಮ್ಮ ದೇಶದ ಕಥೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ, ಬಂಗಾಳದ ಉತ್ತರಪಾಡಾದಲ್ಲಿ, ೧೯೫೭ರಲ್ಲಿ ಅಂಬಾಸಡರ್ ತಯಾರಾಗತೊಡಗಿತು. ೨೦೧೪ರಲ್ಲಿ ನಿಂತಿತು. ಅಧಿಕಾರಿಗಳಿಗೂ ಬಾಡಿಗೆಯವರಿಗೂ ಮದುವೆಯ ದಿಬ್ಬಣಕ್ಕೂ ಒದಗಿದ ಆ ಕಾರನ್ನು ನಮ್ಮ ತಲೆಮಾರಿನವರಿಗೆ ಪರಿಚಯಿಸಬೇಕಾಗಿಲ್ಲ. ಎಪ್ಪತ್ತರ ದಶಕದ ಅಂಥದೊಂದು ಕಾರು ತಂದೆಯವರಿಂದ ನನಗೆ ಬಂದಿದೆ. ಪ್ರದರ್ಶನಕ್ಕಿಟ್ಟದ್ದಲ್ಲ, ದಿನಬಳಕೆಯದು. ತರಕಾರಿ ತರುವುದೂ ಅದರಲ್ಲೇ, ಮೊಮ್ಮಗಳನ್ನು ಶಾಲೆಗೆ ಬಿಡುವುದೂ ಅದರಲ್ಲೇ. ನಾಲ್ಕು ಗಾಲಿಗಳಿಗೂ ಡ್ರಮ್ಮು, ದ್ರವಕ್ಕೆ ಒಂದೇ ದಾರಿ.

ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಷ್ಟೆ. ಅಂಥ ಒಂದು ಸಂದರ್ಭದಲ್ಲಿ ಗಾಲಿಗಳನ್ನು ಬಿಚ್ಚಿಸಿದಾಗ, ವಯಸ್ಸಾದ ವಸ್ತುಗಳಿಗೆ ಸಹಜವಾದ ಲಕ್ಷಣಗಳೆಲ್ಲ ಕಂಡವು: ವೀಲ್ ಸಿಲಿಂಡರುಗಳ ರಬ್ಬರು ಗಡುಸಾಗಿತ್ತು, ಹೋಸ್ ಪೈಪುಗಳಲ್ಲಿ ಸೀಳು ಮೂಡಿತ್ತು, ಡ್ರಮ್ಮಿನ ಒಳಮೈಯಲ್ಲಿ ಗೀರು ಬಿದ್ದಿತ್ತು. ಮೆಕ್ಯಾನಿಕ್ ನನಗಿಂತ ಕಿರಿಯರು, ಆದರೆ ಈ ವಿದ್ಯೆಯಲ್ಲಿ ಗುರುಗಳು. “ಮೇಷ್ಟ್ರೇ, ರಿಪೇರಿ ಮಾಡ್ಲೋ, ಬದಲಾಯಿಸ್ಲೋ?” ಎಂದು ಕೇಳಿದರು.

ಮಿತ್ರರೊಬ್ಬರ ವಾದ ಬೇರೆ. “ಹಳೆಯ ಕಾರಿನ ಮೂಲರೂಪವನ್ನು ಕೆಡಿಸುವುದು ತಾಳೆಗರಿಯನ್ನು ತಿದ್ದಿದಂತೆ. ನೀವೇ ಹೀಗೆ ಮಾಡುವುದೇ?” ಎಂದರು. ಮಾತು ತೂಕದ್ದು, ಉತ್ತರ ಕೊಡಲೇಬೇಕಾಯಿತು. ತಾಳೆಗರಿಯ ಪ್ರತಿ ಪೆಟ್ಟಿಗೆಯಲ್ಲಿ ಇರುವಷ್ಟು ದಿನ ಅದರ ಪ್ರತಿಯೊಂದು ಅಕ್ಷರವೂ ಪೂಜ್ಯ. ಆದರೆ ನಮ್ಮ ಪ್ರಾಚೀನ ಕಾವ್ಯಗಳು ಕವಿಯ ಹಸ್ತಪ್ರತಿಯಲ್ಲಿ ಉಳಿದು ಬಂದವೇ? ಗರಿ ಶಿಥಿಲವಾದಾಗಲೆಲ್ಲ ಲಿಪಿಕಾರನೊಬ್ಬನು ಹೊಸ ಗರಿಗೆ ಬರೆದುಕೊಂಡದ್ದರಿಂದ ಬಂದವು. ಬಳಕೆಯಲ್ಲಿರುವ ವಸ್ತು ಉಳಿಯುವುದು ನವೀಕರಣದಿಂದಲೇ. ಮೇಲಾಗಿ, ತಪ್ಪು ಪಾಠವಿರುವ ಗರಿ ದಾರಿಹೋಕರ ಮೇಲೆ ಹರಿಯುವುದಿಲ್ಲ. ಕಾರು ಹರಿಯುತ್ತದೆ.

ಇನ್ನೊಂದು ವಿಚಾರವೂ ಇದೆ. ಈ ಕಾರು ಹುಟ್ಟಿದಾಗ ರಸ್ತೆಯ ಮೇಲಿದ್ದ ಕಾರುಗಳೆಲ್ಲ ಹೆಚ್ಚುಕಡಿಮೆ ಒಂದೇ ದೂರದಲ್ಲಿ ನಿಲ್ಲುವಂಥವು. ಈಗ ಹಾಗಿಲ್ಲ. ಗಾಲಿ ಜಾಮಾಗಿ ಜಾರದಂತೆ ತಡೆಯುವ ಎ.ಬಿ.ಎಸ್. ಎಂಬ ವ್ಯವಸ್ಥೆ ೨೦೧೯ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಕಡ್ಡಾಯವಾಗಿದೆ. ನನ್ನ ಮುಂದಿರುವ ಕಾರು ಥಟ್ಟನೆ ನಿಂತರೆ, ಅದರ ಹಿಂಬದಿಗೂ ನನ್ನ ಮುಂಬದಿಗೂ ನಡುವೆ ನಾಲ್ಕು ದಶಕಗಳ ಚರಿತ್ರೆಯೇ ಅಡ್ಡ ನಿಂತಿರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕು ಕರಗಿಸಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆಂಬ ನಿಯಮ ಹಳೆಯ ಕಾರೆಂದು ರಿಯಾಯಿತಿ ತೋರದು.

ಮುಂದಿನ ಗಾಲಿಗಳಿಗೆ ಡಿಸ್ಕ್ ಹಾಕಿಸುವ ಆಸೆ ಬಾರದೆ ಇರಲಿಲ್ಲ. ಆದರೆ ಬ್ರೇಕೆಂಬುದು ಬಿಡಿಪದವಲ್ಲ, ವಾಕ್ಯ. ಒಂದು ಪದವನ್ನು ಬದಲಿಸಿದರೆ ಅನ್ವಯವೆಲ್ಲ ಬದಲಾಗುತ್ತದೆ. ಡ್ರಮ್ಮಿನಲ್ಲಿ ಗಾಲಿಯ ತಿರುಗಾಟವೇ ಶೂವನ್ನು ಒಳಗೆಳೆದುಕೊಂಡು ಒತ್ತಡಕ್ಕೆ ನೆರವಾಗುತ್ತದೆ. ಡಿಸ್ಕಿನಲ್ಲಿ ಆ ನೆರವಿಲ್ಲ, ಪೆಡಲಿಗೆ ಬೂಸ್ಟರಿನ ಸಹಾಯ ಬೇಕು. ಮುಂದಿನ ಗಾಲಿಗೂ ಹಿಂದಿನದಕ್ಕೂ ಬಲದ ಹಂಚಿಕೆ ತಪ್ಪಿ ಹಿಂದಿನವು ಮೊದಲು ಜಾಮಾದರೆ ಕಾರು ಬುಗುರಿಯಂತೆ ತಿರುಗೀತು. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಟಿಗೆ ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನ ನಿರ್ಬಂಧವೂ ಉಂಟು. ಆದ್ದರಿಂದ ನಾಲ್ಕು ಡ್ರಮ್ಮುಗಳನ್ನೂ ಉಳಿಸಿಕೊಂಡೆ. ಲೇತಿಗೆ ಕೊಟ್ಟು ಅವುಗಳ ಒಳಮೈಯನ್ನು ಸಮಮಾಡಿಸಿ, ಕಲ್ನಾರಿಲ್ಲದ ಲೈನರನ್ನೂ ಹೊಸ ರಬ್ಬರುಗಳನ್ನೂ ಹೋಸುಗಳನ್ನೂ ಹಾಕಿಸಿದೆ. ಹೊಸದಾಗಿ ಸೇರಿಸಿದ್ದು ಒಂದನ್ನೇ: ಅದೇ ವಂಶದ ಮುಂದಿನ ಕಾರುಗಳ ಎರಡು ಕೋಣೆಯ ಮಾಸ್ಟರ್ ಸಿಲಿಂಡರು. ಅದನ್ನೂ ಸಾರಿಗೆ ಕಚೇರಿಯಲ್ಲಿ ವಿಚಾರಿಸಿದ ಮೇಲೆಯೇ. ಡ್ರಮ್ಮು ಹಳೆಯದೆಂಬುದು ಕೊರತೆಯೇ ಹೊರತು ಅಪಾಯವಲ್ಲ; ಅಪಾಯವಿದ್ದದ್ದು ಆ ಒಂಟಿದಾರಿಯಲ್ಲಿ.

ಹಳೆಯ ಕಾರನ್ನು ಓಡಿಸುವ ಕೇಳುಗರಿಗೆ ಎರಡು ಮಾತು. ಬ್ರೇಕ್ ಆಯಿಲ್ ಎಂದು ಕರೆದರೂ ಅದು ಎಣ್ಣೆಯಲ್ಲ. ಎಂಜಿನ್ ಆಯಿಲ್ ಸುರಿದರೆ ರಬ್ಬರುಗಳು ಊದಿ ಕೆಡುತ್ತವೆ. ಅದು ಗಾಳಿಯ ತೇವವನ್ನು ಹೀರುತ್ತದೆ. ಹೊಸದಾಗಿರುವಾಗ ಕನಿಷ್ಠ ೨೦೫ ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದ ಡಾಟ್-೩ ದ್ರವ, ನೀರು ಸೇರಿದ ಮೇಲೆ ೧೪೦ರ ಸುಮಾರಿಗೇ ಕುದಿಯಬಹುದು. ಕುದಿದರೆ ಪೆಡಲು ಹತ್ತಿಯ ಮೆತ್ತೆಯಾಗುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಒಳಗಿನ ಗಾಳಿಯನ್ನು ಪೂರ್ತಿ ತೆಗೆಸಿ. ಎರಡನೆಯದು, ಹಳೆಯ ಡ್ರಮ್ಮು ಬಿಚ್ಚಿದಾಗ ಅದರ ಧೂಳನ್ನು ಊದಬೇಡಿ, ಊದಲು ಬಿಡಲೂ ಬೇಡಿ. ಒದ್ದೆ ಬಟ್ಟೆಯಿಂದ ಒರೆಸಿಸಿ. ಆ ಧೂಳಿನಲ್ಲಿ ಕಲ್ನಾರಿದ್ದೀತು, ಅದು ಸೇರುವುದು ದುಡಿಯುವವನ ಎದೆಗೆ.

ಬೆಳಿಗ್ಗೆ ಹೊರಡುವ ಮುನ್ನ ಒಮ್ಮೆ ಪೆಡಲನ್ನು ಒತ್ತಿ, ಅರ್ಧ ನಿಮಿಷ ಹಾಗೆಯೇ ಹಿಡಿದು ನೋಡಿ. ಅದು ಮೆಲ್ಲನೆ ಕೆಳಗಿಳಿಯತೊಡಗಿದರೆ ಅಂದಿನ ಪ್ರಯಾಣ ಬಸ್ಸಿನಲ್ಲಾಗಲಿ. ಗಟ್ಟಿಯಾಗಿ ನಿಂತರೆ ಹೊರಡಬಹುದು. ಮುಂದಿನ ಕಾರಿಗೂ ನಿಮಗೂ ನಡುವೆ ಒಂದಿಷ್ಟು ಹೆಚ್ಚು ಜಾಗವಿರಲಿ.